ಆಕ್ಷೇಪಣೆಗೆಂದು ಬಿಟ್ಟ ಹತ್ತು ಸೆಕೆಂಡು

ದೆವ್ವ ಕಂಡೆ, ಸದ್ದು ಕೇಳಿದೆ, ಸತ್ತವರು ಬಂದು ಮಾತಾಡಿಸಿದರು ಎನ್ನುವವರನ್ನೆಲ್ಲ ನಾನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ‘ದಾಖಲೆ ಏನಿದೆ?’ ಮೂವತ್ತನಾಲ್ಕು ವರ್ಷ ಒಂದು ಸರ್ಕಾರಿ ಕಚೇರಿಯ ಕೌಂಟರಿನಲ್ಲಿ ಕುಳಿತು ಸವೆದವಳು ನಾನು. ಕಾಗದವಿಲ್ಲದ ಮಾತನ್ನು ನಂಬುವ ಅಭ್ಯಾಸವೇ ಇಲ್ಲ. ಹುಣಸೆಮರದ ಕೆಳಗೆ ಬಿಳಿ ಸೀರೆ ಕಂಡೆ ಎಂದ ನಮ್ಮ ಕಚೇರಿಯ ಜವಾನನಿಗೆ, ‘ಸೀರೆಗೆ ಅಂಚು ಇತ್ತೇನೋ?’ ಎಂದು ಕೇಳಿ ಎಲ್ಲರೆದುರು ಅವನ ಮುಖ ಇಳಿಸಿದ್ದೆ. ಈಗ ನಾನು ಬರೆಯಲು ಹೊರಟಿದ್ದಕ್ಕೂ ನೀವು ಹಾಗೇ ಕೇಳಬಹುದು. ಕೇಳಿ, ಬೇಜಾರಿಲ್ಲ. ನನಗೆ ಸಿಟ್ಟಿರುವುದು ಬೇರೆಯವರ ಮೇಲೆ. ಅದನ್ನೂ ಹೇಳುತ್ತೇನೆ.

ನಾಲ್ಕು ವರ್ಷದ ಹಿಂದಿನ ಮಾತು. ಆಗಷ್ಟೇ ನಿವೃತ್ತಳಾಗಿ ಸಾಗರದಲ್ಲಿ ಅವ್ವನ ಜೊತೆ ಇದ್ದೆ. ಅವ್ವನಿಗೆ ಎಪ್ಪತ್ತಾರು. ಅವಳನ್ನು ಹೆತ್ತ ಹನ್ನೊಂದನೇ ದಿನಕ್ಕೆ ಅವಳ ತಾಯಿ ತೀರಿಕೊಂಡಿದ್ದಳು. ಅವಳ ಅಪ್ಪ ಹುಚ್ಚಪ್ಪ ವರ್ಷದೊಳಗೇ ಮತ್ತೊಂದು ಮದುವೆಯಾದ. ಮುಂದೆ ಶರಾವತಿ ದಡದ ಅವನ ಊರೇ ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು, ಸಂಸಾರ ಹೊಸನಗರದ ಕಡೆಗೆ ಬಂತು. ಸತ್ತವಳು ‘ತೀರ್ಥಹಳ್ಳಿ ಕಡೆಯೋಳು’ ಎನ್ನುವುದೊಂದು ಬಿಟ್ಟರೆ ಅವ್ವನಿಗೆ ಬೇರೇನೂ ಗೊತ್ತಿರಲಿಲ್ಲ. ಹೆಸರು ಕೂಡ ಗೊತ್ತಿರಲಿಲ್ಲ. ಎಪ್ಪತ್ತಾರು ವರ್ಷ ಬದುಕಿದ ಹೆಂಗಸಿಗೆ ಹೆತ್ತ ತಾಯಿಯ ಹೆಸರು ಗೊತ್ತಿಲ್ಲ ಎಂದರೆ ನೀವು ನಂಬುತ್ತೀರಾ? ನಂಬಬೇಕು. ಕೇಳಿದಾಗಲೆಲ್ಲ ಅಪ್ಪ ಎದ್ದು ಹೊರಗೆ ಹೋಗುತ್ತಿದ್ದನಂತೆ. ಮಲತಾಯಿ, ‘ಅದೆಲ್ಲ ನಿಂಗ್ಯಾಕೆ?’ ಎನ್ನುತ್ತಿದ್ದಳಂತೆ. ಕೇಳಬಹುದಾಗಿದ್ದವರೆಲ್ಲ ಒಬ್ಬೊಬ್ಬರಾಗಿ ಸತ್ತರು.

ಅವ್ವನ ತಮ್ಮ, ಎಂದರೆ ಆ ಮಲತಾಯಿಯ ಮಗ, ನನಗೆ ಸೋದರಮಾವ. ಹೊಸನಗರದ ಅವನ ಮನೆಯಲ್ಲಿ ಪ್ರತಿ ವರ್ಷ ಹಿರಿಯರ ಹಬ್ಬ. ಮನೆಯ ಹಿರಿಯರಿಗೆಲ್ಲ ನಡುಮನೆಯಲ್ಲಿ ಸಾಲಾಗಿ ಬಾಳೆ ಎಲೆ ಹಾಕಿ, ಎಡೆ ಬಡಿಸಿ, ಒಬ್ಬೊಬ್ಬರನ್ನೂ ಹೆಸರು ಹಿಡಿದು ಊಟಕ್ಕೆ ಕರೆಯುವುದು ನಮ್ಮ ಪದ್ಧತಿ. ‘ಹುಚ್ಚಪ್ಪಾ, ಬಾ, ಉಣ್ಣು ಬಾ.’ ಹೀಗೆ ಕರೆದು, ಬಾಗಿಲು ಮುಂದೆ ಮಾಡಿ, ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತೇವೆ. ಅಲ್ಲಿ ಎಲ್ಲರಿಗೂ ಎಲೆ ಇತ್ತು. ಕುಡಿದು ಹೆಂಡತಿಗೆ ಹೊಡೆಯುತ್ತಿದ್ದ ದೊಡ್ಡಜ್ಜನಿಗೂ ಇತ್ತು, ಮೇಲೊಂದು ಸೀಸೆ ಬೇರೆ! ಅವ್ವನ ತಾಯಿಯ ಎಲೆ ಮಾತ್ರ ಹಿತ್ತಿಲ ಬಾಗಿಲಿನ ಆಚೆ, ಬಚ್ಚಲ ನೀರು ಹರಿಯುವ ಕಡೆ. ಹೆಸರಿಲ್ಲ, ಕರೆಯುವುದೂ ಇಲ್ಲ. ಅವ್ವ ಎಲೆ ಇಟ್ಟು, ಬಾಯೊಳಗೇ ‘ಅವ್ವಾ’ ಎಂದು, ತಿರುಗಿ ನೋಡದೆ ಒಳಗೆ ಬರಬೇಕು. ಯಾಕೆ ಎಂದು ಚಿಕ್ಕಂದಿನಲ್ಲಿ ಕೇಳಿ ಅಜ್ಜನಿಂದ ಒಂದು ಏಟು ತಿಂದಿದ್ದೆ. ದೊಡ್ಡವಳಾದ ಮೇಲೆ ಮಾವನನ್ನು ಕೇಳಿದರೆ, ‘ಮೊದ್ಲಿಂದ ಹಂಗೇ ನಡ್ಕಂಡು ಬಂದಿದೆ’ ಎಂದ.

ಆ ವರ್ಷ ಹಬ್ಬ ಮುಗಿಸಿ ಬರುವಾಗ ಬಸ್ಸಿನಲ್ಲಿ ಅವ್ವ ಹೇಳಿದಳು: “ಸಾಯದ್ರೊಳಗೆ ಒಂದ್ಸಲ ಹೆಸ್ರು ಹಿಡ್ದು ಕರೀಬೇಕು ಕಣೆ. ಹಟ್ಟಿ ದನಕ್ಕೂ ಒಂದು ಹೆಸ್ರಿರತ್ತೆ.” ಅಷ್ಟು ಹೇಳಿ ಕಿಟಕಿ ಕಡೆ ತಿರುಗಿದಳು.

ಹುಡುಕಲು ಶುರುಮಾಡಿದೆ. ಹುಡುಕುವುದೆಲ್ಲಿ? ನಮ್ಮವರು ಗೇಣಿಗೆ ಉಳುತ್ತಿದ್ದವರು. ಹಳೆಯ ಕಾಗದದಲ್ಲಿ ಒಡೆಯರ ಹೆಸರು ಅವರ ಮುತ್ತಜ್ಜನವರೆಗೂ ಇದೆ. ಉತ್ತವನ ಹೆಸರೇ ಇಲ್ಲ, ಇನ್ನು ಉತ್ತವನ ಹೆಂಡತಿಯ ಹೆಸರು ಎಲ್ಲಿಂದ ಬರಬೇಕು? ಆಗ ಯಾರೋ ವಾಟ್ಸಪ್ಪಿನ ಒಂದು ಗುಂಪಿಗೆ ಸೇರಿಸಿದರು. ಮುಳುಗಡೆಯಾದ ಊರುಗಳ ಮನೆತನಗಳನ್ನು ಹುಡುಕುವವರ ಗುಂಪು. ಒಳ್ಳೆಯ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಒಬ್ಬರು ಶಾಲೆಯ ಹಳೇ ದಾಖಲಾತಿ ಪುಸ್ತಕದ ಪುಟ ಹಾಕುತ್ತಿದ್ದರು, ಇನ್ನೊಬ್ಬರು ಮದುವೆ ಕಾಗದ, ಮತ್ತೊಬ್ಬರು ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಗಳ ಫೋಟೋ. ಮದುವೆಯಲ್ಲಿ ಕೊಟ್ಟ ಪಾತ್ರೆಗಳ ಮೇಲೆ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆಸುತ್ತಿದ್ದರಲ್ಲ, ಕಾಗದವಿಲ್ಲದ ಮನೆಗಳಿಗೆ ಅದೇ ದಾಖಲೆ. ಒಬ್ಬರ ಗಂಟು ಇನ್ನೊಬ್ಬರು ಬಿಡಿಸಿಕೊಡುತ್ತಿದ್ದರು. ತೀರ್ಥಹಳ್ಳಿಯ ಸುಜಾತಾ ಎಂಬ ಜೈನರ ಮನೆಯ ಉಪನ್ಯಾಸಕಿ ನನ್ನ ಜೊತೆ ತನ್ನದೇ ಅಜ್ಜಿಯನ್ನು ಹುಡುಕುವಷ್ಟು ಆಸ್ಥೆಯಿಂದ ಹುಡುಕಿದಳು. ಅವಳಿಗೆ ನಾನು ಇವತ್ತಿಗೂ ಋಣಿ.

ಆದರೆ ಆ ಗುಂಪಿನ ಅಡ್ಮಿನ್ ಮಹಾಶಯರು! ನಿವೃತ್ತ ಎಂಜಿನಿಯರು. ಕಂಪ್ಯೂಟರಿನಲ್ಲಿ ವಂಶವೃಕ್ಷ ಬರೆಯುವ ಜವಾಬ್ದಾರಿ ಅವರದ್ದು. ಹೆಸರು ಸಿಗದ ಹೆಂಗಸರನ್ನು ಅವರು ‘ಸ್ತ್ರೀ ೧’, ‘ಸ್ತ್ರೀ ೨’ ಎಂದು ಬರೆಯುತ್ತಿದ್ದರು. ನಮ್ಮ ಹುಚ್ಚಪ್ಪನ ಪಕ್ಕದಲ್ಲಿ ‘ಸ್ತ್ರೀ ೧ (ಮೃತ)’ ಎಂದು ನೋಡಿದ ದಿನ ನನಗೆ ಫೋನ್ ಎತ್ತಿ ಗೋಡೆಗೆ ಬಡಿಯುವಷ್ಟು ಕೋಪ ಬಂತು. ಕೇಳಿದರೆ, ‘ದಾಖಲೆ ಇಲ್ದೆ ನಾನೇನ್ ಮಾಡ್ಲಿ ಮೇಡಂ’ ಎಂದರು. ಅವರ ಸ್ವಂತ ವೃಕ್ಷ ನೋಡಬೇಕು ನೀವು. ಕೆಳದಿ ಅರಸರ ದಂಡನಾಯಕನೊಬ್ಬನವರೆಗೆ ಏಣಿ ಹಾಕಿಕೊಂಡು ಹತ್ತಿದ್ದಾರೆ. ಅದಕ್ಕೆ ಯಾವ ದಾಖಲೆ? ‘ನಮ್ಮಜ್ಜ ಹೇಳ್ತಿದ್ರು.’ ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಹುಡುಕುವುದು ಎಂದರೆ ಇದೇ.

ನಾನೂ ಏನು ಕಡಿಮೆಯವಳಲ್ಲ, ಒಪ್ಪಿಕೊಂಡುಬಿಡುತ್ತೇನೆ. ಕೌಂಟರಿನಲ್ಲಿ ವಂಶವೃಕ್ಷದ ಅರ್ಜಿಗಳು ನನ್ನ ಕೈಮೇಲೇ ಹೋಗುತ್ತಿದ್ದವು. ‘ಹೆಣ್ಣುಮಕ್ಕಳನ್ನ ಬರ್ದಿಲ್ವಲ್ಲ?’ ಎಂದರೆ, ‘ಮದ್ವೆಯಾಗಿ ಹೋದ್ರಲ್ಲ ಮೇಡಂ’ ಎನ್ನುತ್ತಿದ್ದರು. ಮೊದಮೊದಲು ಜಗಳವಾಡಿದೆ, ವಾಪಸು ಕಳಿಸಿದೆ. ಆಮೇಲೆ ಸಾಕಾಗಿ, ಸುಮ್ಮನೆ ತೆಗೆದುಕೊಂಡು ಮುಂದಿನ ಮೇಜಿಗೆ ತಳ್ಳಿದ್ದೂ ಇದೆ. ಎಷ್ಟು ಮನೆಗಳ ಎಷ್ಟು ಹೆಂಗಸರನ್ನು ಹಾಗೆ ತಳ್ಳಿದೆನೋ, ಈಗ ನೆನೆದರೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಪ್ರತಿ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಗುಂಪಿನ ವಿಡಿಯೋ ಸಭೆ. ಒಬ್ಬೊಬ್ಬರು ತಮ್ಮ ಮನೆತನದ ಪಟ್ಟಿ ಓದಬೇಕು. ಒಂದೊಂದು ಹೆಸರು ಓದಿದ ಮೇಲೂ ಅಡ್ಮಿನ್ನರು, ‘ಆಕ್ಷೇಪಣೆ ಇದ್ರೆ ಹೇಳಿ’ ಎಂದು ಹತ್ತು ಸೆಕೆಂಡು ಸುಮ್ಮನಿರುತ್ತಿದ್ದರು. ಯಾರೂ ಮಾತಾಡದಿದ್ದರೆ ಹೆಸರು ವೃಕ್ಷಕ್ಕೆ ಸೇರಿತು ಎಂದು ಅರ್ಥ. ಅದು ಅವರೇ ಮಾಡಿದ ನಿಯಮ. ಸಭೆಯನ್ನೆಲ್ಲ ರೆಕಾರ್ಡ್ ಕೂಡ ಮಾಡುತ್ತಿದ್ದರು.

ನನ್ನ ಸರದಿ ಬಂದ ಭಾನುವಾರ ಒಳ್ಳೆ ಬಿಸಿಲಿತ್ತು. ತಾಳಗುಪ್ಪದ ರೈಲು ಆಗಷ್ಟೇ ಕೂಗಿಕೊಂಡು ಹೋಗಿತ್ತು. ಅವ್ವ ನನ್ನ ಪಕ್ಕದಲ್ಲಿ ನೆಲದ ಮೇಲೆ ಕಾಲು ಚಾಚಿ ಕುಳಿತು ಬಸಳೆ ಸೊಪ್ಪು ಬಿಡಿಸುತ್ತಿದ್ದಳು. ಅವಳಿಗೆ ಎರಡು ಕಿವಿಯೂ ಮಂದ. ಹತ್ತಿರ ಹೋಗಿ ಕೂಗಿದರೆ ಮಾತ್ರ ಕೇಳುತ್ತದೆ. ನಾನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದೆ. ಫೋನಿನಿಂದ ಹೊರಗೆ ಸದ್ದು ಬರುವ ಹಾಗಿರಲಿಲ್ಲ. ಇದನ್ನು ಯಾಕೆ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ ಎಂದು ಮುಂದೆ ತಿಳಿಯುತ್ತದೆ.

ಸಭೆಯಲ್ಲಿ ಏಳು ಜನ ಇದ್ದೆವು. ನಾನು ಮತ್ತು ಅಡ್ಮಿನ್ ಬಿಟ್ಟು ಉಳಿದ ಐವರೂ ಮೈಕು ಮುಚ್ಚಿದ್ದರು, ಪರದೆಯ ಮೇಲೆ ಅದು ಕಾಣುತ್ತಿತ್ತು. ‘ಹುಚ್ಚಪ್ಪ’ ಎಂದು ಓದಿದೆ. ಹತ್ತು ಸೆಕೆಂಡು. ಸೇರಿತು. ‘ಹುಚ್ಚಪ್ಪನ ಮೊದಲ ಹೆಂಡತಿ. ಹೆಸರು ಗೊತ್ತಿಲ್ಲ’ ಎಂದೆ. ಅಡ್ಮಿನ್ನರು, ‘ಆಕ್ಷೇಪಣೆ ಇದ್ರೆ ಹೇಳಿ’ ಎಂದರು.

ಆಗ ಒಂದು ಹೆಣ್ಣುದನಿ ಹೇಳಿತು: “ಗುತ್ಯಮ್ಮ.”

ಅಷ್ಟೇ. ಗಾಳಿ ಬೀಸಲಿಲ್ಲ, ದೀಪ ಆರಲಿಲ್ಲ. ಮೂವತ್ತನಾಲ್ಕು ವರ್ಷ ನಾನು ಕೌಂಟರಿನ ಈಚೆ ಕುಳಿತು ‘ಹೆಸರೇನಮ್ಮಾ?’ ಎಂದು ಕೇಳಿದ್ದೇನೆ. ಹಳ್ಳಿಯ ಹೆಂಗಸರು ತಲೆ ಸ್ವಲ್ಪ ಪಕ್ಕಕ್ಕೆ ತಿರುಗಿಸಿ, ತಮ್ಮ ಹೆಸರನ್ನು ತಾವೇ ಹೇಳಲು ನಾಚಿಕೊಂಡು, ಮೆಲ್ಲಗೆ ಹೇಳುತ್ತಾರೆ. ಹಾಗೇ ಇತ್ತು ಆ ದನಿ. ಎಳೆಯ ದನಿ, ಇಪ್ಪತ್ತರ ಆಚೀಚೆ ಇರಬಹುದು.

ಮರುಕ್ಷಣವೇ ಪಕ್ಕದಲ್ಲಿ ಅವ್ವ ಸೊಪ್ಪಿನಿಂದ ತಲೆ ಎತ್ತಿ, “ಯಾರೇ ಅದು, ಕರ್ದಿದ್ದು?” ಎಂದಳು.

ಕಿವಿಯ ಇಯರ್‌ಫೋನ್ ಮುಟ್ಟಿ ನೋಡಿಕೊಂಡೆ, ಅದು ಅಲ್ಲೇ ಇತ್ತು. ಅತ್ತ ಅಡ್ಮಿನ್ನರು, “ಯಾರು ಹೇಳಿದ್ದು? ಯಾರ್ರೀ ಅದು ಗುತ್ಯಮ್ಮ ಅಂದಿದ್ದು? ಮ್ಯೂಟ್ ಮಾಡ್ಕಳ್ರೀ” ಎನ್ನುತ್ತಿದ್ದರು. ಯಾರೂ ಹೇಳಿರಲಿಲ್ಲ. ಸುಜಾತಾ ಮೈಕು ತೆರೆದು, “ಅಕ್ಕಾ, ನಿಮ್ಮ ತಾಯಿಯವರು ಅಂದ್ಕೊಂಡೆ” ಎಂದಳು. ಏಳೂ ಜನರಿಗೂ ಕೇಳಿಸಿತ್ತು, ಏಳೂ ಜನರೂ ಇನ್ನೊಬ್ಬರು ಹೇಳಿದ್ದು ಎಂದುಕೊಂಡಿದ್ದೆವು. ನನ್ನ ತಲೆಯೊಳಗಿನ ಗುಮಾಸ್ತೆ ಆಗಲೂ ಸುಮ್ಮನಿರಲಿಲ್ಲ. ಗುತ್ಯಮ್ಮ ಎನ್ನುವುದು ಚಂದ್ರಗುತ್ತಿ ದೇವಿಯ ಹೆಸರು, ಸಾಗರ ಸೊರಬದ ಕಡೆ ಇಡುತ್ತಾರೆ, ಸತ್ತವಳು ತೀರ್ಥಹಳ್ಳಿ ಕಡೆಯವಳು, ಹೊಂದುವುದಿಲ್ಲ ಎಂದು ಅವಳೇ ಮೊದಲ ಆಕ್ಷೇಪಣೆ ತೆಗೆದಳು.

ಅಡ್ಮಿನ್ನರು ಹೆಸರನ್ನು ಸೇರಿಸಲಿಲ್ಲ. ಅದು ಹೋಗಲಿ. ಸಂಜೆ ಅವರು ರೆಕಾರ್ಡಿಂಗ್ ಕಳಿಸಿ ಕೆಳಗೆ ಬರೆದರು: ‘ಯಾರೂ ಏನೂ ಹೇಳಿಲ್ಲ ನೋಡಿ. ಭಾವನೆಗೆ ಬಲಿಯಾಗಬೇಡಿ.’ ಕೇಳಿದೆ. ನಿಜ. ‘ಆಕ್ಷೇಪಣೆ ಇದ್ರೆ ಹೇಳಿ’ ಎಂದ ಮೇಲೆ ಏನೂ ಇಲ್ಲ. ಬರೀ ಮೌನ. ಆಮೇಲೆ ದೂರದಿಂದ ಅವ್ವನ ‘ಯಾರೇ ಅದು, ಕರ್ದಿದ್ದು?’ ಆಮೇಲೆ ಅವರದೇ ‘ಯಾರ್ರೀ ಅದು ಗುತ್ಯಮ್ಮ ಅಂದಿದ್ದು?’

ನಾನು ಬರೆದೆ: ‘ಏನೂ ಕೇಳಿಸದಿದ್ದರೆ ಆ ಹೆಸರು ನಿಮ್ಮ ಬಾಯಿಗೆ ಎಲ್ಲಿಂದ ಬಂತು ಸ್ವಾಮಿ?’ ಮತ್ತೆ ಬರೆದೆ. ಮೂರನೇ ಸಲ ಬರೆಯುವಷ್ಟರಲ್ಲಿ ನನ್ನನ್ನು ಗುಂಪಿನಿಂದ ತೆಗೆದುಹಾಕಿದ್ದರು. ಹತ್ತು ತಲೆಮಾರಿನ ಹಿಂದಿನ ದಂಡನಾಯಕನಿಗೆ ಇದ್ದ ಧೈರ್ಯ ಮೊಮ್ಮಗನಿಗೆ ಇರಲಿಲ್ಲ ಅಂತ ಕಾಣುತ್ತದೆ.

ಅವ್ವನಿಗೆ ನಾನು ಆ ಹೆಸರು ಹೇಳಲಿಲ್ಲ. ಯಾರೋ ತಮಾಷೆ ಮಾಡಿದ್ದರೆ? ಸುಳ್ಳು ಹೆಸರನ್ನು ತಾಯಿ ಎಂದು ಕೊಟ್ಟುಬಿಟ್ಟು, ನಾಳೆ ಅದು ಅಲ್ಲ ಎಂದಾದರೆ, ಅವಳು ಎರಡನೇ ಸಲ ತಬ್ಬಲಿಯಾಗುವುದಿಲ್ಲವೇ? ಸಭೆಯಲ್ಲಿದ್ದ ಉಳಿದವರಿಗೆಲ್ಲ ಫೋನು ಮಾಡಿ ವಿಚಾರಿಸಿದೆ. ಆ ಹೆಸರು ಅದಕ್ಕೆ ಮೊದಲು ಯಾರಿಗೂ ಗೊತ್ತಿರಲಿಲ್ಲ.

ಸುಜಾತಾ ಇನ್ನೂ ಗುಂಪಿನಲ್ಲಿದ್ದಳಲ್ಲ, ಅವಳು ಒಂದು ಸಾಲು ಬರೆದು ಹಾಕಿದಳು: ‘ತೀರ್ಥಹಳ್ಳಿ ಸುತ್ತಮುತ್ತಲ ಹಳೆಯ ಮನೆಗಳಲ್ಲಿ ಗುತ್ಯಮ್ಮ ಎಂಬ ಹೆಸರು ಯಾರಾದರೂ ಕೇಳಿದ್ದೀರಾ?’ ಹದಿನೈದು ದಿನ ಏನೂ ಇಲ್ಲ. ಆಮೇಲೆ ಅರಳಸುರಳಿಯಿಂದ ಒಬ್ಬ ಗೃಹಿಣಿಯ ಉತ್ತರ ಬಂತು. ಅವರ ಮನೆಯ ಅಟ್ಟದಲ್ಲಿ ಒಂದು ಹಿತ್ತಾಳೆ ತಂಬಿಗೆ ಇದೆ, ಬೋರಲು ಹಾಕಿಯೇ ಇಟ್ಟಿರುತ್ತಾರೆ, ಯಾರೂ ಮುಟ್ಟುವುದಿಲ್ಲ, ಅದರ ಮೇಲೆ ಆ ಹೆಸರಿದೆ.

ಮಾರನೇ ದಿನವೇ ನಾನೂ ಸುಜಾತಾಳೂ ಹೋದೆವು. ತಂಬಿಗೆ ಕಪ್ಪಾಗಿತ್ತು. ಹುಣಸೆಹಣ್ಣು ಹಾಕಿ ತಿಕ್ಕಿದಾಗ ಕಂಠದ ಕೆಳಗೆ ಚುಕ್ಕಿಗಳು ಎದ್ದುಬಂದವು. ಗುತ್ಯಮ್ಮ. ಆ ಮನೆಯ ಹಿರಿಯರು, ಎಂಬತ್ತನಾಲ್ಕರ ಅಜ್ಜ, ಜಗುಲಿಯಲ್ಲಿ ಕುಳಿತು ನಮ್ಮನ್ನೇ ನೋಡುತ್ತಿದ್ದರು. ಗುತ್ಯಮ್ಮ ಯಾರು ಎಂದು ಕೇಳಿದರೆ ಮುಖ ಆಚೆ ತಿರುಗಿಸಿದರು. ನಾನು ‘ಹುಚ್ಚಪ್ಪ’ ಎಂದೆ, ಊರಿನ ಹೆಸರು ಹೇಳಿದೆ. ಅಜ್ಜ ನನ್ನ ಕಡೆ ತಿರುಗಿದರು.

“ನಮ್ಮ ಸ್ವಾದರತ್ತೆ ಅವ್ಳು. ನಾನು ಎಂಟು ವರ್ಷದೋನಿದ್ದೆ. ಶರಾವತಿ ದಡಕ್ಕೆ ಕೊಟ್ಟಿದ್ರು, ಹುಚ್ಚಪ್ಪಂಗೆ. ಇಪ್ಪತ್ತು ವರ್ಷಕ್ಕೇ, ಬಾಣಂತೀಲೇ ಹೋದ್ಲು. ಕೂಸು ಹೆಣ್ಣಂತೆ, ಅದೂ ಉಳ್ದಿರ್ಲಿಕ್ಕಿಲ್ಲ ಅಂದ್ಕಂಡಿದ್ವಿ” ಎಂದರು. ಮಕ್ಕಳು ಉಳಿಯದ ಮನೆಯಲ್ಲಿ ಚಂದ್ರಗುತ್ತಿಗೆ ಹರಕೆ ಹೊತ್ತು ಹುಟ್ಟಿದವಳಂತೆ, ಅದಕ್ಕೇ ಆ ಹೆಸರು. ನನ್ನ ತಲೆಯ ಗುಮಾಸ್ತೆ ಬಾಯಿ ಮುಚ್ಚಿದಳು.

ಹೆಸರು ಯಾಕೆ ಯಾರೂ ಹೇಳಲಿಲ್ಲ ಎಂದು ಕೇಳಿದೆ. “ಬಾಣಂತಿ ಸತ್ರೆ ಹೆಸ್ರು ಎತ್ತಬಾರ್ದು ಕಣಮ್ಮ. ಕೂಸಿನ ಮೇಲೆ ಆಸೆ ಇರತ್ತಲ್ಲ, ಕರ್ದ ಕಡೆ ಬಂದ್ಬಿಡ್ತಾಳೆ. ಅದ್ಕೇ ಎರ್ಡೂ ಮನೆಯೋರು ಆಣೆ ಹಾಕ್ಕಂಡಿದ್ರು. ಪಾತ್ರೆ ವಾಪಸ್ ತಂದು ಬೋರಲು ಹಾಕಿದ್ರು.”

ನೀವೇ ಹೇಳಿ, ಇದನ್ನು ಕೇಳಿ ಯಾರಿಗೆ ಮೈ ಉರಿಯುವುದಿಲ್ಲ? ಇಪ್ಪತ್ತು ವರ್ಷದ ಹುಡುಗಿ. ನಿಮ್ಮ ವಂಶ ಬೆಳೆಸಲು ಹೋಗಿಯೇ ಸತ್ತವಳು. ಅವಳು ಮಾಡಿದ ತಪ್ಪೇನು? ಸೂಲಗಿತ್ತಿಯ ಕೈ ಕೊಳೆಯಾಗಿದ್ದಕ್ಕೆ, ಆಸ್ಪತ್ರೆ ದೂರವಿದ್ದದ್ದಕ್ಕೆ ಅವಳನ್ನು ದೆವ್ವ ಮಾಡಿ ಹಿತ್ತಿಲಿಗೆ ಹಾಕಿದಿರಿ. ಹೆಂಡತಿಗೆ ಹೊಡೆದವನಿಗೆ ನಡುಮನೆಯಲ್ಲಿ ಎಲೆ, ಹೆತ್ತು ಸತ್ತವಳಿಗೆ ಬಚ್ಚಲ ಪಕ್ಕ! ಬಂದುಬಿಡುತ್ತಾಳೆ ಎಂದು ಹೆದರಿದರಲ್ಲ, ಬಂದಿದ್ದರೆ ಏನು ಮಾಡುತ್ತಿದ್ದಳು? ಮಗುವಿಗೆ ಹಾಲು ಕೊಡುತ್ತಿದ್ದಳು. ಅಷ್ಟೇ ತಾನೇ? ಇಷ್ಟನ್ನೂ ಆ ಜಗುಲಿಯಲ್ಲಿ ನಿಂತು ಕೂಗಿಯೇ ಹೇಳಿದೆ. ಅಜ್ಜ ತಲೆ ತಗ್ಗಿಸಿ ಕೇಳಿಸಿಕೊಂಡರು. ಹೊರಡುವಾಗ ತಂಬಿಗೆಯನ್ನು ತಾವೇ ಎತ್ತಿ ನನ್ನ ಕೈಗೆ ಕೊಟ್ಟು, “ಆ ಕೂಸಿಗೆ ಕೊಡು” ಎಂದರು. ಆ ಕೂಸಿಗೆ ಎಪ್ಪತ್ತಾರು ವರ್ಷ.

ಅವ್ವ ಮೂರನೇ ಕ್ಲಾಸಿನವರೆಗೆ ಓದಿದವಳು. ತಂಬಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಚುಕ್ಕಿಗಳ ಮೇಲೆ ಬೆರಳು ಆಡಿಸುತ್ತಾ ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಅಳಲಿಲ್ಲ. “ಚೊಲೋ ಹೆಸ್ರು” ಎಂದಳು. ಅವತ್ತಿನಿಂದ ಅವಳು ನೀರು ಕುಡಿಯುವುದು ಅದರಲ್ಲೇ.

ಮುಂದಿನ ಹಬ್ಬಕ್ಕೆ ಹೊಸನಗರಕ್ಕೆ ಹೋದಾಗ ಅವ್ವ ಚೀಲದಲ್ಲಿ ತಂಬಿಗೆ ಇಟ್ಟುಕೊಂಡಿದ್ದಳು. ಎಲೆ ಹಾಕುವ ಹೊತ್ತಿಗೆ ತನ್ನ ಅಪ್ಪನ ಎಲೆಯನ್ನು ಸ್ವಲ್ಪ ಸರಿಸಿ ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿ, ಮುಂದೆ ತಂಬಿಗೆ ಇಟ್ಟಳು. ಮನೆಯವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಮಾವ ಕೆಟ್ಟವನಲ್ಲ, ಹೆದರಿದವನು. ಅವನು ಎಲೆಗೆ ಅಡ್ಡ ಬಂದು ನಿಂತ.

“ಅಕ್ಕಾ, ಬ್ಯಾಡ. ಆ ಎಲೆ ಒಳಗೆ ತರಬಾರ್ದು. ಹೆಸ್ರು ಹಿಡ್ದು ಕರದ್ರೆ ಬಂದ್ಬಿಡ್ತಾಳೆ.”

ನಾನು ಬಾಯಿ ತೆರೆದೆ. ಅವ್ವ ಕೈ ಎತ್ತಿ ನನ್ನನ್ನು ತಡೆದಳು. ತಮ್ಮ ಹೇಳಿದ್ದು ಅವಳಿಗೆ ಕೇಳಿಸಿತ್ತೋ, ತುಟಿ ನೋಡಿ ತಿಳಿಯಿತೋ ಕಾಣೆ.

“ಬರ್ಲಿ” ಎಂದಳು. “ಅದಕ್ಕೇ ಅಲ್ವೇನೋ ಕರಿಯದು?”

ಮತ್ತೆ ನೆಟ್ಟಗೆ ನಿಂತು, ಎಪ್ಪತ್ತಾರು ವರ್ಷದಲ್ಲಿ ಮೊದಲ ಸಲ, ಇಡೀ ಮನೆಗೆ ಕೇಳುವಂತೆ ಕೂಗಿ ಕರೆದಳು: “ಗುತ್ಯವ್ವಾ, ಬಾ. ನನ್ನವ್ವಾ, ಉಣ್ಣು ಬಾ.” ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ನಿಂತೆವು. ಒಳಗೆ ಏನೂ ಆಗಲಿಲ್ಲ, ಆಯಿತು ಎಂದು ನಾನು ಸುಳ್ಳು ಹೇಳುವುದಿಲ್ಲ. ಮಾವನ ಹೆಂಡತಿ ಮೆಲ್ಲನೆ ಬಂದು ಅವ್ವನ ಕೈ ಹಿಡಿದುಕೊಂಡಳು.

ವಾಪಸು ಬರುವಾಗ ಬಸ್ಸಿನಲ್ಲಿ ಅವ್ವನ ಕಿವಿಯ ಹತ್ತಿರ ಬಾಗಿ ಕೇಳಿದೆ: “ಅವತ್ತು ಬಸಳೆ ಬಿಡಿಸ್ತಾ ಇದ್ದಾಗ ಯಾರೋ ಕರದ್ರು ಅಂದ್ಯಲ್ಲ, ಗುತ್ಯಮ್ಮ ಅಂತಲೇ ಕೇಳ್ಸಿತ್ತಾ?”

ಅವ್ವ ನನ್ನನ್ನು ವಿಚಿತ್ರವಾಗಿ ನೋಡಿದಳು. “ಹೆಸ್ರು ಗಿಸ್ರು ಎಂತದೂ ಇಲ್ಲ ಕಣೆ. ‘ಮಗಾ’ ಅಂದಂಗಾಯ್ತು.”

ಇದು ಹೇಗೆ ಎಂದು ನಾಲ್ಕು ವರ್ಷದಲ್ಲಿ ಎಷ್ಟೋ ಜನರನ್ನು ಕೇಳಿದ್ದೇನೆ. ತಾಂತ್ರಿಕ ದೋಷ ಎಂದವರಿದ್ದಾರೆ, ಏಳು ಜನಕ್ಕೂ ಒಟ್ಟಿಗೆ ಭ್ರಮೆ ಎಂದವರಿದ್ದಾರೆ, ಕೈಮುಗಿದವರೂ ಇದ್ದಾರೆ. ಯಾವುದೂ ನನ್ನ ಗಂಟಲಿಂದ ಕೆಳಗೆ ಇಳಿದಿಲ್ಲ. ಅಡ್ಮಿನ್ನರ ವೃಕ್ಷದಲ್ಲಿ ಅವಳು ಇವತ್ತಿಗೂ ‘ಸ್ತ್ರೀ ೧’. ತಂಬಿಗೆಯ ಫೋಟೋ ಕಳಿಸಿದರೂ ತಿದ್ದಲಿಲ್ಲ. ಇರಲಿ, ನಮ್ಮ ನಡುಮನೆಯಲ್ಲಿ ಅವಳಿಗೆ ಎಲೆ ಇದೆ.

ದಾಖಲೆ ಏನಿದೆ ಎಂದು ನೀವು ಕೇಳಿದರೆ ನಾನು ಆ ರೆಕಾರ್ಡಿಂಗನ್ನೇ ಹಾಕಿ ತೋರಿಸಬೇಕು. ಅದರಲ್ಲಿ ಹತ್ತು ಸೆಕೆಂಡು ಏನೂ ಇಲ್ಲ. ಆಮೇಲೆ ಕಿವಿ ಕೇಳದ ಒಬ್ಬ ಮುದುಕಿ ಸೊಪ್ಪಿನಿಂದ ತಲೆ ಎತ್ತಿ ಕೇಳುತ್ತಾಳೆ: ‘ಯಾರೇ ಅದು, ಕರ್ದಿದ್ದು?’ ಅವಳಿಗೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ.